ಎಡಮಗ್ಗುಲು

ತಟ್ಟೆಯಲ್ಲಿ ಅರ್ಧ ಉಪ್ಪಿಟ್ಟು ಹಾಗೇ ಉಳಿದಿತ್ತು. ಉಳಿದದ್ದೂ ಎಂಥ ಅರ್ಧ! ನಡುವೆ ಗೆರೆ ಎಳೆದು ಪಾಲು ಮಾಡಿದಂತೆ, ಬಲಗಡೆಯದನ್ನು ಬಳಿದು ತಿಂದಿದ್ದರು. ಎಡಗಡೆಯದಕ್ಕೆ ಚಮಚ ಸೋಕಿಯೇ ಇರಲಿಲ್ಲ.

“ಇಷ್ಟೇನಾ ಮಾಡಿದ್ದು?” ಎಂದರು ಲಕ್ಷ್ಮೀಕಾಂತ. “ಹೊಟ್ಟೆ ತುಂಬಲಿಲ್ಲ ಭಾನು.”

ಭಾನುಮತಿ ಗಂಡನ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಳು. ಎಡಗಡೆಯ ಉಪ್ಪಿಟ್ಟು ಬಲಗಡೆಗೆ ಬಂತು.

“ಆಹಾ, ಇನ್ನೊಂದ್ಸಲ ಬಡಿಸಿದ್ಯಾ? ಹಾಗ್ಹೇಳು,” ಎಂದು ಅವರು ಖುಷಿಯಿಂದ ಮತ್ತೆ ಚಮಚ ಎತ್ತಿಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ದಿನವೂ ಇದೇ ನಡೆಯುತ್ತಿತ್ತು. ಮುಖಕ್ಷೌರ ಮಾಡಿಕೊಂಡರೆ ಬಲಗೆನ್ನೆ ನುಣ್ಣಗೆ, ಎಡಗೆನ್ನೆಯಲ್ಲಿ ಬಿಳಿ ಕುರುಚಲು. ಪೇಪರು ಓದಿದರೆ ಸಾಲುಗಳ ಕೊನೆಯ ಅರ್ಧ ಮಾತ್ರ. “ಈಗಿನ ಪತ್ರಿಕೆಯವರಿಗೆ ಒಂದು ವಾಕ್ಯ ನೆಟ್ಟಗೆ ಬರೆಯೋಕೆ ಬರಲ್ಲ” ಎಂದು ಪೇಪರನ್ನು ಅತ್ತ ಎಸೆಯುತ್ತಿದ್ದರು.

ಲಕ್ಷ್ಮೀಕಾಂತ ಮೈಸೂರಿನವರು. ನೈರೋಬಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಲೆಂದು ಬಂದು, ಒಂದೆರಡು ವರ್ಷ ಇದ್ದು ಹೋಗೋಣ ಎಂದುಕೊಂಡವರು ಇಲ್ಲೇ ತಲೆ ನರೆಸಿಕೊಂಡಿದ್ದರು. ಭಾನುಮತಿ ಹರ್ಲಿಂಗ್‌ಹ್ಯಾಮ್ ಬಡಾವಣೆಯ ತಮ್ಮ ಮನೆಗೆ ಹತ್ತಿರವೇ ಇದ್ದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಒಬ್ಬಳೇ ಮಗಳು ಹಂಸಾ ಇಲ್ಲೇ ಹುಟ್ಟಿದವಳು. ಓದು ಮುಗಿಸಿ ವೆಸ್ಟ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸ ಹಿಡಿದು ಅಲ್ಲೇ ಮನೆ ಮಾಡಿಕೊಂಡಿದ್ದಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ರೂಢಿ.

ಅದು ಆದದ್ದು ಒಂದು ಸಾಧಾರಣ ಬೆಳಿಗ್ಗೆ. ಕಾಲೇಜಿಗೆ ಹೊರಟವರು ಬಾಗಿಲ ಬಳಿ ಒಂದೇ ಬೂಟಿನಲ್ಲಿ ನಿಂತಿದ್ದರು.

“ಇನ್ನೊಂದು ಬೂಟೆಲ್ಲಿ ರೀ?” ಎಂದಳು ಭಾನುಮತಿ ನಗುತ್ತ.

“ಎರಡೂ ಹಾಕ್ಕೊಂಡಿದೀನಲ್ಲ,” ಎಂದರು ಅವರು. ಅಷ್ಟು ಹೇಳುವಷ್ಟರಲ್ಲಿ ಕಾಲು ಮಡಚಿಕೊಂಡು, ಗೋಡೆಗೆ ಒರಗಿ, ಹಾಗೇ ಕೆಳಗೆ ಜಾರಿದರು.

ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಅವರನ್ನು ನೋಡಿದ ವೈದ್ಯ ಅವರದೇ ಹಳೆಯ ವಿದ್ಯಾರ್ಥಿ. ಮಿದುಳಿನ ಬಲಭಾಗದಲ್ಲಿ ರಕ್ತ ಕಟ್ಟಿದೆ, ಹಾಗಾಗಿ ಮೈಯ ಎಡಭಾಗಕ್ಕೆ ಹೊಡೆತ ಬಿದ್ದಿದೆ ಎಂದು ಭಾನುಮತಿಗೆ ಬಿಡಿಸಿ ಹೇಳಿದ. ಮಾತಿಗೆ ಏನೂ ಆಗಿಲ್ಲ, ಬುದ್ಧಿಯೂ ಚೂಪಾಗಿಯೇ ಇದೆ ಎಂದಾಗ ಅವಳಿಗೆ ಉಸಿರು ಬಂದಂತಾಯಿತು. ಆಮೇಲೆ ಅವನು ಒಂದು ಬಿಳಿ ಹಾಳೆ ಕೊಟ್ಟು, “ಸರ್, ಒಂದು ಗಡಿಯಾರ ಬರೆಯಿರಿ” ಎಂದ. ಲಕ್ಷ್ಮೀಕಾಂತ ಗುಂಡಗೆ ಬರೆದರು. ಅಂಕಿಗಳನ್ನೆಲ್ಲ ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ತುಂಬಿಸಿ, ಮುಗಿಯಿತು ಎಂಬಂತೆ ಪೆನ್ನು ಕೆಳಗಿಟ್ಟರು.

ಪಕ್ಕದಲ್ಲಿ ನಿಂತಿದ್ದ ಕಿರಿಯ ವೈದ್ಯರು ಮುಖ ಮುಖ ನೋಡಿಕೊಂಡರು. ಅದನ್ನು ಕಂಡು ಲಕ್ಷ್ಮೀಕಾಂತರೊಳಗಿನ ಮೇಷ್ಟ್ರು ಎದ್ದು ಕೂತರು. ಮಿದುಳಿನ ಬಲಭಾಗ ಕೆಟ್ಟಾಗ ಕೆಲವರಿಗೆ ಎಡಗಡೆಯ ಲೋಕವೇ ಇಲ್ಲವಾಗುತ್ತದೆ ಎಂದು ಅವರಿಗೆ ಪಾಠ ಶುರುಮಾಡಿದರು. ಕಣ್ಣು ಕುರುಡಾಗಿರುವುದಿಲ್ಲ, ಕಿವಿ ಕಿವುಡಾಗಿರುವುದಿಲ್ಲ. ಮಿದುಳು ಆ ಕಡೆಯನ್ನು ಮರೆತಿರುತ್ತದೆ, ಮರೆತಿದ್ದೇನೆ ಎಂಬುದೂ ಅದಕ್ಕೆ ಗೊತ್ತಿರುವುದಿಲ್ಲ, ಆದ್ದರಿಂದ ಹುಡುಕುವುದೂ ಇಲ್ಲ. ಎಷ್ಟು ಚೆನ್ನಾಗಿ ಹೇಳಿದರೆಂದರೆ ಬಾಗಿಲಲ್ಲಿ ನಿಂತ ನರ್ಸ್ ಕೂಡ ಕಿವಿಗೊಟ್ಟು ಕೇಳಿದಳು.

“ಸರ್, ನಿಮಗೆ ಅದು ಆಗಿದೆಯಾ?” ಎಂದು ಹಳೆಯ ವಿದ್ಯಾರ್ಥಿ ಮೆಲ್ಲಗೆ ಕೇಳಿದ.

“ನನಗಾ? ನನಗೆ ಸ್ಟ್ರೋಕ್ ಆಗಿದೆ ಅಷ್ಟೆ. ಇದೆಲ್ಲ ನನಗಿಲ್ಲ,” ಎಂದರು ಲಕ್ಷ್ಮೀಕಾಂತ.

ಅವರ ಎಡಕ್ಕೆ, ಮಂಚಕ್ಕೆ ತಾಗಿಕೊಂಡೇ ಭಾನುಮತಿ ನಿಂತಿದ್ದಳು. ಅವರು ಬಲಗಡೆಯ ಖಾಲಿ ಕುರ್ಚಿಯ ಕಡೆ ತಿರುಗಿ, “ಇವಳೆಲ್ಲಿ ಹೋದಳು? ಈಗ ಇಲ್ಲೇ ಇದ್ದಳಲ್ಲ” ಎಂದರು. ಅವಳಿಗೆ ಆಗ ಅರ್ಥವಾಯಿತು.

ಇಂಥ ಕಾಯಿಲೆ ಬರಬೇಕಾದರೆ ಅದು ಬೇರೆ ಯಾರಿಗಾದರೂ ಬರಬಾರದಿತ್ತೇ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು. ಎಡ ಎಂಬ ಮಾತಿನ ಮೇಲೆ ಅವರಷ್ಟು ಪ್ರೀತಿ ಇಟ್ಟವರನ್ನು ಅವಳು ಕಂಡಿರಲಿಲ್ಲ. ಪ್ರತಿ ವರ್ಷವೂ ಹೊಸ ತರಗತಿಗೆ ಅವರ ಮೊದಲ ಪಾಠ ಅದೇ. ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸಿ, ‘ಇವನ ಎಡಗೈ ತೋರಿಸಿ’ ಎನ್ನುತ್ತಿದ್ದರು. ಅವಸರದ ಹುಡುಗರು ತಮ್ಮ ಎಡಕ್ಕೆ ಕಂಡ ಕೈಯನ್ನು ತೋರಿಸುತ್ತಿದ್ದರು. ‘ನೋಡುವವರ ಎಡ ಬಲಗಳನ್ನು ಮನೆಯಲ್ಲಿ ಬಿಟ್ಟು ಬನ್ನಿ. ನಮ್ಮ ಶಾಸ್ತ್ರದಲ್ಲಿ ಎಡ ಅಂದರೆ ಮೇಜಿನ ಮೇಲೆ ಮಲಗಿದವನ ಎಡ. ಅವನನ್ನು ಬೋರಲು ಹಾಕಿ, ತಲೆಕೆಳಗು ಮಾಡಿ, ಅವನ ಎಡ ಅವನದೇ. ಸತ್ತವನಿಂದಲೂ ಅದನ್ನು ಕಿತ್ತುಕೊಳ್ಳುವ ಹಕ್ಕು ನಿಮಗಿಲ್ಲ’ ಎನ್ನುತ್ತಿದ್ದರು.

ಆಮೇಲೆ ಪದಗಳ ಕಥೆ. ಕನ್ನಡಕದ ಚೀಟಿಯಲ್ಲಿ ಎಡಗಣ್ಣಿಗೆ ಬರೆಯುವ ಓ ಎಸ್ ಎಂಬುದರಲ್ಲಿ ಎಸ್ ಅಂದರೆ ಸಿನಿಸ್ಟರ್. ಲ್ಯಾಟಿನ್ನಿನಲ್ಲಿ ಅದಕ್ಕೆ ಎಡ ಎಂದು ಅರ್ಥ. ಹಕ್ಕಿಶಕುನ ನೋಡುತ್ತಿದ್ದ ಹಳೆಯ ರೋಮನರಿಗೆ ಎಡಗಡೆ ಶುಭವೇ ಆಗಿತ್ತು. ಕಾಲ ಉರುಳಿ ಇಂಗ್ಲಿಷಿಗೆ ಬರುವ ಹೊತ್ತಿಗೆ ಪಾಪ, ಆ ಪದ ಕೇಡು, ಕುತಂತ್ರ ಎಂಬ ಅರ್ಥವನ್ನು ಹೊತ್ತುಕೊಂಡಿತ್ತು. ಗ್ರೀಕರು ಎಡಕ್ಕೆ ಹೆದರಿ ಅದನ್ನು ‘ಹೆಚ್ಚು ಒಳ್ಳೆಯದು’ ಎಂಬ ಅರ್ಥದ ಹೆಸರಿನಿಂದ ಕರೆದರು, ನಮ್ಮವರು ಸಿಡುಬಿಗೆ ಅಮ್ಮ ಎಂದ ಹಾಗೆ. ಕನ್ನಡದಲ್ಲಿ ಬಲ ಅಂದರೆ ಶಕ್ತಿಯೂ ಹೌದು, ಎಡಕ್ಕೆ ಸಿಕ್ಕಿದ್ದು ಎಡವಟ್ಟು. ಸ್ವಾಹಿಲಿಯಲ್ಲಿ ಬಲಗೈಗೆ ‘ಉಣ್ಣುವ ಕೈ’ ಎನ್ನುತ್ತಾರೆ. ಎಡಗೈಗೆ ಒಂದು ಹಳೆಯ ಹೆಸರು ‘ಮ್ಕೋನೊ ವಾ ಕಿಕೆ’, ಹೆಣ್ಣಿನ ಕೈ. ಅದನ್ನು ಹೇಳಿದಾಗ ತರಗತಿಯ ಹುಡುಗಿಯರು ಮೇಜು ಕುಟ್ಟುತ್ತಿದ್ದರಂತೆ. ಕೊನೆಗೆ ಸಂಸ್ಕೃತದ ವಾಮ. ವಾಮ ಅಂದರೆ ಎಡ, ವಾಮ ಅಂದರೆ ವಕ್ರ. ಆದರೆ ವಾಮಲೋಚನೆ ಅಂದರೆ ಚೆಲುವಾದ ಕಣ್ಣಿನವಳು. ‘ಒಂದೇ ಪದದಲ್ಲಿ ಭಯವನ್ನೂ ಇಟ್ಟರು, ಚೆಲುವನ್ನೂ ಇಟ್ಟರು’ ಎಂದು ಅವರು ಪಾಠ ಮುಗಿಸುತ್ತಿದ್ದರು.

ಆ ಕೊನೆಯ ಮಾತನ್ನು ಭಾನುಮತಿ ವಿದ್ಯಾರ್ಥಿಗಳಿಗಿಂತ ಮೊದಲೇ ಕೇಳಿದ್ದಳು. ಅವಳು ಎಡಚಿ. ಹೆಣ್ಣು ನೋಡಲು ಬಂದ ದಿನ ಎಷ್ಟೇ ಎಚ್ಚರ ವಹಿಸಿದ್ದರೂ ಕಾಫಿ ಲೋಟ ಎಡಗೈಯಲ್ಲೇ ಮುಂದೆ ಹೋಯಿತು. ಹುಡುಗನ ತಾಯಿಯ ಮುಖ ಹುಳ್ಳಗಾಯಿತು. ಭಾನುಮತಿಯ ಅಮ್ಮ ಗಾಬರಿಯಲ್ಲಿ “ಚಿಕ್ಕಂದಿನ ಅಭ್ಯಾಸ, ಹೇಳಿ ಹೇಳಿ ಸಾಕಾಯ್ತು” ಎಂದು ತಡಬಡಿಸಿದರು. ಆಗ ಆ ತೆಳ್ಳನೆಯ ಹುಡುಗ, “ವಾಮ ಅಂದ್ರೆ ಚೆಲುವು ಅಂತಾನೂ ಅರ್ಥ ಇದೆಯಮ್ಮಾ” ಎಂದು ತನ್ನ ತಾಯಿಗೆ ಹೇಳಿ, ಲೋಟವನ್ನು ತಾನೂ ಎಡಗೈಯಲ್ಲೇ ತೆಗೆದುಕೊಂಡಿದ್ದ. ಮದುವೆಯಾದ ಮೇಲೂ ಅತ್ತೆ ಅವಳನ್ನು ಎಡಗೈಯಲ್ಲಿ ಬಡಿಸಲು ಬಿಡಲಿಲ್ಲ. ಆದರೆ ನೈರೋಬಿಗೆ ಬಂದ ಮೇಲೆ ಬೇಡವೆನ್ನುವವರು ಯಾರೂ ಇರಲಿಲ್ಲ.

ಅಟಿಯೆನೊ ಎಂಬ ಫಿಸಿಯೊಥೆರಪಿಸ್ಟ್ ವಾರಕ್ಕೆ ಮೂರು ದಿನ ಮನೆಗೆ ಬರುತ್ತಿದ್ದಳು. ಎತ್ತರದ, ಮೆದುಮಾತಿನ ಹೆಂಗಸು. ಲಕ್ಷ್ಮೀಕಾಂತರನ್ನು ಮ್ವಾಲಿಮು, ಅಂದರೆ ಮೇಷ್ಟ್ರೇ, ಎಂದೂ ಭಾನುಮತಿಯನ್ನು ಮಾಮಾ, ಅಂದರೆ ಅಮ್ಮಾ, ಎಂದೂ ಕರೆಯುತ್ತಿದ್ದಳು. ಮೊದಲ ದಿನವೇ ಮನೆಯನ್ನು ತಿರುವಿಹಾಕಿಸಿದಳು. ಟಿವಿ ಅವರ ಎಡಕ್ಕೆ ಹೋಯಿತು, ನೀರಿನ ಲೋಟ, ಕನ್ನಡಕ, ಫೋನು ಎಲ್ಲವೂ ಎಡಕ್ಕೆ.

“ಮಾಮಾ, ನೀವೂ ಯಾವಾಗಲೂ ಅವರ ಎಡಕ್ಕೇ ಕೂರಬೇಕು,” ಎಂದಳು ಭಾನುಮತಿಗೆ. “ಬಲಕ್ಕೆ ಹೋದರೆ ಅವರಿಗೆ ಸುಲಭ, ಆದರೆ ಮಿದುಳು ಸೋಮಾರಿಯಾಗುತ್ತದೆ. ನಿಮ್ಮನ್ನು ಹುಡುಕುವ ಆಸೆಗಾದರೂ ಅವರು ಆ ಕಡೆ ತಿರುಗಬೇಕು.”

ಭಾನುಮತಿ ಎಡಕ್ಕೆ ಕೂತಳು. ಅಲ್ಲೇ ಕೂತು ಕರೆದಳು. ತೋಳು ತಟ್ಟಿ ಕರೆದಳು. ಅವರು ದನಿ ಬಂದತ್ತ ತಿರುಗುವ ಬದಲು ಬಲಗಡೆಯೇ ಹುಡುಕುತ್ತಿದ್ದರು. ಒಂದೊಂದು ದಿನ ಅಟಿಯೆನೊ ಅವರ ಗಲ್ಲ ಹಿಡಿದು ನಿಧಾನವಾಗಿ ಎಡಕ್ಕೆ ತಿರುಗಿಸಿದರೆ, ಒಂದು ಕ್ಷಣ ಭಾನುಮತಿಯ ಮುಖದ ಅಂಚು ಸಿಗುತ್ತಿತ್ತು. “ಆಹಾ, ಇಲ್ಲಿದೀಯಾ!” ಎನ್ನುತ್ತಿದ್ದರು. ತಲೆ ಮತ್ತೆ ತಾನಾಗಿ ಬಲಕ್ಕೆ ಹೊರಳಿದ ಕೂಡಲೇ ಅವಳು ಇಲ್ಲವಾಗುತ್ತಿದ್ದಳು.

ತಿಂಗಳುಗಳು ಕಳೆದವು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದರು, ಆದರೆ ಬಾಗಿಲ ಎಡ ಚೌಕಟ್ಟಿಗೆ ಹೆಗಲು ಬಡಿದುಕೊಳ್ಳುವುದು ತಪ್ಪಲಿಲ್ಲ. ತಟ್ಟೆಯನ್ನು ಮಾತ್ರ ಅಟಿಯೆನೊಗೆ ಗೊತ್ತಾಗದಂತೆ ಭಾನುಮತಿ ತಿರುಗಿಸುತ್ತಲೇ ಇದ್ದಳು. ಹೊಟ್ಟೆ ತುಂಬಲಿಲ್ಲ ಎನ್ನುವವರನ್ನು ಎಷ್ಟು ಹೊತ್ತು ಹಾಗೇ ನೋಡಿಕೊಂಡಿರುವುದು?

ಒಂದು ಭಾನುವಾರ ಹಂಸಾ ಬಂದಿದ್ದಳು. ಸೋಫಾದಲ್ಲಿ ಅಪ್ಪನ ಬಲಕ್ಕೆ ಕೂತಳು. ಎಡಕ್ಕೆ ಭಾನುಮತಿ ಅವರೆಕಾಳು ಬಿಡಿಸುತ್ತಿದ್ದಳು. ಅಪ್ಪ ಮಗಳ ಕಡೆ ಬಗ್ಗಿ ಗುಟ್ಟಿನ ದನಿಯಲ್ಲಿ ಹೇಳಿದರು:

“ಹಂಸೂ, ನಿಮ್ಮಮ್ಮ ಮೈಸೂರಿಗೇನಾದ್ರೂ ಹೋಗಿದಾಳೇನೇ?”

“ನೋ ಅಪ್ಪಾ, ಶಿ ಈಸ್ ರೈಟ್ ಹಿಯರ್!”

“ದನಿ ಕೇಳತ್ತೆ. ಬರ್ತಾಳೆ, ಕೆಲಸ ಮಾಡ್ತಾಳೆ, ಹೋಗ್ಬಿಡ್ತಾಳೆ. ಹತ್ರ ಕೂರಲ್ಲ.” ಅವರು ಇನ್ನೂ ಹತ್ತಿರಕ್ಕೆ ಬಗ್ಗಿದರು. “ನನ್ನ ಮೇಲೆ ಏನೋ ಬೇಜಾರು ಅವಳಿಗೆ. ನೀನೊಂಚೂರು ಕೇಳು. ನಾನು ಕೇಳಿದೆ ಅಂತ ಹೇಳ್ಬೇಡ.”

ಭಾನುಮತಿಯ ಬೆರಳ ಸಂದಿನಿಂದ ಕಾಳು ನೆಲಕ್ಕೆ ಉದುರಿತು. ಅವಳ ಮೊಣಕೈ ಗಂಡನ ಮೊಣಕೈಗೆ ತಾಗಿಕೊಂಡೇ ಇತ್ತು. ಅವಳು ಎದ್ದು ಬಲಕ್ಕೆ ಬರಲು ಹೊರಟಾಗ ಹಂಸಾ ಕಣ್ಣಲ್ಲೇ ತಡೆದಳು.

“ಅಮ್ಮಾ, ಡೋಂಟ್. ಅಟಿಯೆನೊ ಹೇಳಿದ್ದು ನೆನಪಿದೆಯಲ್ಲ? ನೀನು ಬಲಕ್ಕೆ ಬಂದ್ರೆ ಹಿ ವಿಲ್ ನೆವರ್ ಲರ್ನ್.” ಅಳು ತಡೆಯಲಾಗದೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಅಷ್ಟು. ಭಾನುಮತಿ ಮತ್ತೆ ಕೂತಳು.

ಕಾರೊಂದೇ ಅವಳಿಗೆ ಉಳಿದ ದಾರಿಯಾಯಿತು. ಇಲ್ಲಿನ ಕಾರುಗಳಲ್ಲೂ ನಮ್ಮಲ್ಲಿಯಂತೆ ಸ್ಟಿಯರಿಂಗ್ ಬಲಗಡೆಗಿರುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡರೆ ಅವಳು ಅವರ ಬಲಕ್ಕೆ ಬರುತ್ತಿದ್ದಳು. ಅದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ, ಡ್ರೈವ್ ಮಾಡುವವರು ಇನ್ನೆಲ್ಲಿ ಕೂರಲು ಸಾಧ್ಯ? ತರಕಾರಿ ನೆಪ, ಔಷಧಿ ನೆಪ, ಏನೂ ಇಲ್ಲದಿದ್ದರೆ ಗಾಳಿ ಸೇವನೆಯ ನೆಪ ಮಾಡಿ ಸಂಜೆಗೆ ಮುಂಚೆ ಹೊರಡುತ್ತಿದ್ದಳು. ಗೇಟು ದಾಟುವಷ್ಟರಲ್ಲಿ ಅವರು ಅವಳತ್ತ ತಿರುಗಿ, “ಬಂದ್ಯಾ ಭಾನು?” ಎನ್ನುತ್ತಿದ್ದರು, ಊರಿಂದ ಬಂದವಳನ್ನು ಕೇಳುವ ಹಾಗೆ. ಆಮೇಲೆ ಮಾತು ನಿಲ್ಲುತ್ತಲೇ ಇರಲಿಲ್ಲ. ಎದುರಿಂದ ಹಾಡು ಕಿರುಚಿಸುತ್ತ ನುಗ್ಗುವ ಮಟಾಟು ವ್ಯಾನುಗಳನ್ನು ಬೈಯುತ್ತಿದ್ದರು, ಮಗಳ ಮದುವೆಯ ವಿಷಯ ತೆಗೆಯುತ್ತಿದ್ದರು. ಹೋಗುವಾಗ ರಸ್ತೆಯ ಒಂದು ಬದಿಯ ಅಂಗಡಿಗಳು ಮಾತ್ರ ಕಾಣುತ್ತಿದ್ದವು, ಬರುವಾಗ ಇನ್ನೊಂದು ಬದಿಯವು. ಹಾಗಾಗಿ ಅವರ ಪಾಲಿಗೆ ಹೋದ ದಾರಿಯೇ ಬೇರೆ, ಬಂದ ದಾರಿಯೇ ಬೇರೆ. “ಈ ರಸ್ತೆ ಎಷ್ಟು ಚೆನ್ನಾಗಿದೆ, ಮುಂಚೆ ಯಾಕೆ ಕರ್ಕೊಂಡು ಬರ್ಲಿಲ್ಲ?” ಎಂದು ದಿನವೂ ಕೇಳುತ್ತಿದ್ದರು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದಿನ ಬೇರೆಯವರು ಹಾರ್ನ್ ಒತ್ತಿ ಸಾಯುತ್ತಿದ್ದರೆ, ಇವಳು ಮನಸ್ಸಿನಲ್ಲೇ ಇನ್ನಷ್ಟು ಹೊತ್ತು ಹೀಗೇ ಇರಲಿ ಎಂದುಕೊಳ್ಳುತ್ತಿದ್ದಳು.

ಹೊಸ ವರ್ಷದ ತರಗತಿಗಳು ಶುರುವಾದಾಗ ಕಾಲೇಜಿನ ಸಹೋದ್ಯೋಗಿ ಡೆಂಜಿಲ್ ಫೋನು ಮಾಡಿದರು. ಅವರು ಮಂಗಳೂರಿನವರು, ಈಗ ವಿಭಾಗದ ಮುಖ್ಯಸ್ಥರು.

“ಒಂದು ಸಲ ಕರ್ಕೊಂಡು ಬನ್ನಿ ಮಾರಾಯ್ರೆ. ಆ ಮೊದಲನೇ ಪಾಠ ನಾನು ಮಾಡಿದರೆ ಸಪ್ಪೆ ಆಗ್ತದೆ. ಹಳೆ ಮಕ್ಕಳು ಹೊಸಬರಿಗೆಲ್ಲ ಹೇಳಿಬಿಟ್ಟಿದ್ದಾರೆ.”

“ಆಗತ್ತಾ ಅವರ ಕೈಲಿ?” ಎಂದಳು ಭಾನುಮತಿ.

“ಆದಷ್ಟು. ಆಗದಿದ್ರೆ ನಾನುಂಟಲ್ಲ.”

ಆ ದಿನ ಅವಳೇ ಅವರ ಮುಖಕ್ಷೌರ ಮಾಡಿದಳು, ಎರಡೂ ಕೆನ್ನೆ. ಟೈ ಕಟ್ಟಿದಳು. ತರಗತಿಯಲ್ಲಿ ಅವರನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ, ಅಭ್ಯಾಸದಂತೆ ಎಡಗಡೆ ಗೋಡೆಗೆ ಒರಗಿ ನಿಂತಳು. ಲಕ್ಷ್ಮೀಕಾಂತ ಗಂಟಲು ಸರಿಮಾಡಿಕೊಂಡು ಮಾತು ಆರಂಭಿಸಿದರು. ದನಿ ಹಿಂದಿನದೇ, ಆ ಗತ್ತು, ಆ ತಮಾಷೆ ಎಲ್ಲವೂ ಅದೇ. ಆದರೆ ಕಣ್ಣುಗಳು ತಮ್ಮ ಬಲಕ್ಕಿದ್ದ ಅರ್ಧ ತರಗತಿಯನ್ನು ಬಿಟ್ಟು ಕದಲಲಿಲ್ಲ. ಎಡಕ್ಕೆ ಕೂತಿದ್ದ ಹುಡುಗಿಯೊಬ್ಬಳು ಕೈಯೆತ್ತಿ ಪ್ರಶ್ನೆ ಕೇಳಿದಳು. ಅವರು ಬಲಗಡೆಯ ಮುಖಗಳನ್ನು ಒಂದೊಂದಾಗಿ ನೋಡುತ್ತ, “ಯಾರು ಕೇಳಿದ್ದು? ಎದ್ದು ನಿಲ್ಲಿ” ಎಂದರು. ಹುಡುಗಿ ಎದ್ದೇ ನಿಂತಿದ್ದಳು. “ನಾಚಿಕೆ ಪಡಬೇಡಿ, ನಿಲ್ಲಿ” ಎಂದು ಮತ್ತೆ ಕರೆದರು.

ಅವಳು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತನ್ನ ಚೀಲ ಎತ್ತಿಕೊಂಡು, ಕಾಲುಸದ್ದಾಗದಂತೆ ನಡೆದು, ಬಲಗಡೆಯ ಸಾಲಿನಲ್ಲಿ ಹೋಗಿ ನಿಂತಳು. “ಆಹಾ, ನೀವೋ!” ಎಂದು ಲಕ್ಷ್ಮೀಕಾಂತ ನಕ್ಕರು.

ಅವಳ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಅವನ ಪಕ್ಕದವರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎಡಗಡೆಯ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಮಕ್ಕಳು ಬಲಗಡೆಯ ಬೆಂಚುಗಳಲ್ಲಿ ಒತ್ತರಿಸಿ ಕೂತರು, ಮೆಟ್ಟಿಲ ಮೇಲೆ ಕೂತರು, ಗೋಡೆಯುದ್ದಕ್ಕೂ ನಿಂತರು. ಇಡೀ ತರಗತಿ ಅರ್ಧ ಕೋಣೆಯಲ್ಲಿ ಹಿಡಿಸಿಕೊಂಡಿತು. ಡೆಂಜಿಲ್ ಕನ್ನಡಕ ತೆಗೆದು ಒರೆಸತೊಡಗಿದರು.

“ಈ ವರ್ಷ ಕ್ಲಾಸು ತುಂಬಿ ತುಳುಕ್ತಾ ಇದೆಯಲ್ಲಪ್ಪಾ,” ಎಂದರು ಲಕ್ಷ್ಮೀಕಾಂತ. ಅವರ ಮುಖ ಅರಳಿತ್ತು. “ಸರಿ. ಎಲ್ಲರೂ ನಿಮ್ಮ ಎಡಗೈ ಎತ್ತಿ.”

ನೂರು ಕೈ ಮೇಲೆ ಹೋದವು. ತಾವೂ ಎತ್ತಿ ತೋರಿಸಬೇಕೆಂದು ಅವರ ಬಲಗೈ ಎಡಗೈಯನ್ನು ಹುಡುಕಿಕೊಂಡು ಹೊರಟಿತು. ಎದೆಯ ಮೇಲೆ ತಡವಿತು, ಟೈ ಹಿಡಿಯಿತು, ಅಲ್ಲಿಂದಾಚೆ ಹೋಗದೆ ನಿಂತಿತು. ಅವರು ತಲೆ ತಗ್ಗಿಸಿ ಮಡಿಲು ನೋಡಿಕೊಂಡರು. ಮುಖದ ಮೇಲಿನ ನಗು ಹಾಗೇ ಇತ್ತು, ಆದರೆ ಕಣ್ಣಲ್ಲಿ ಏನೋ ಗಲಿಬಿಲಿ ಹಾದುಹೋಯಿತು.

“ನನ್ನದು,” ಎಂದರು. “ನನ್ನದನ್ನ ಎಲ್ಲೋ ಇಟ್ಟಿದೀನಿ.”

ಯಾರೂ ನಗಲಿಲ್ಲ. ಎತ್ತಿದ ಕೈ ಇಳಿಸಬೇಕೋ ಬೇಡವೋ ತಿಳಿಯದೆ ಮಕ್ಕಳು ಹಾಗೇ ಹಿಡಿದುಕೊಂಡಿದ್ದರು. ಡೆಂಜಿಲ್ ಮುಂದೆ ಬಂದು, ಭುಜದ ಮೇಲೆ ಕೈಯಿಟ್ಟು, “ಪದಗಳ ಕಥೆ ಹೇಳಿ ಸರ್, ಅವರು ಅದಕ್ಕೇ ಕಾಯ್ತಿದ್ದಾರೆ” ಎಂದರು. ಲಕ್ಷ್ಮೀಕಾಂತ ಹೇಳಿದರು. ಒಂದು ಪದವನ್ನೂ ಮರೆಯಲಿಲ್ಲ. ಭಾನುಮತಿ ಖಾಲಿ ಬೆಂಚುಗಳ ಕಡೆಯಲ್ಲಿ ಒಬ್ಬಳೇ ನಿಂತು, ಸೆರಗನ್ನು ಬಾಯಿಗೊತ್ತಿಕೊಂಡು ಕೇಳಿದಳು.

ಮರುದಿನ ಅಟಿಯೆನೊ ಬಂದಾಗ ಹೊಸ ಅಭ್ಯಾಸವೊಂದನ್ನು ಶುರುಮಾಡಿದಳು. ಲಕ್ಷ್ಮೀಕಾಂತರ ಸೋತ ಎಡಗೈಯನ್ನು ಎತ್ತಿ, ಅವರ ಎದುರಿನಿಂದ ತಂದು, ಬಲತೊಡೆಯ ಮೇಲೆ, ಕಣ್ಣಿಗೆ ಬೀಳುವಂತೆ ಇಟ್ಟಳು. ಕಂಡರೆ ಗುರುತು ಹಿಡಿಯಬಹುದು, ಗುರುತು ಹಿಡಿದರೆ ಅಲ್ಲಿಂದ ಮುಂದೆ ಹೋಗಬಹುದು ಎಂಬುದು ಅವಳ ಲೆಕ್ಕ.

“ಮ್ವಾಲಿಮು, ಇದು ಯಾರ ಕೈ?”

ಲಕ್ಷ್ಮೀಕಾಂತ ಬಹಳ ಹೊತ್ತು ನೋಡಿದರು. ಆ ಕೈಯ ಬೆರಳುಗಳು ಕೆಲಸವಿಲ್ಲದೆ ತೆಳ್ಳಗೆ, ಬೆಳ್ಳಗೆ ಆಗಿದ್ದವು.

“ಭಾನುದು,” ಎಂದರು.

“ಸರಿಯಾಗಿ ನೋಡಿ. ನಿಮ್ಮ ಉಂಗುರ ಇದೆ.”

“ನಾನೇ ಹಾಕಿದ್ದಲ್ವಾ ಉಂಗುರ. ನನ್ನ ಹೆಂಡತೀದು ಇದು. ನನಗೆ ಗೊತ್ತಾಗಲ್ವಾ?” ಎಂದು ತಮ್ಮ ಬಲಗೈಯನ್ನು ಅದರ ಮೇಲೆ ಮುಚ್ಚಿದರು. “ಎಷ್ಟು ತಣ್ಣಗಿದೆ ನೋಡಿ. ಮೊದಲಿಂದಲೂ ಹೀಗೇ, ಜುಲೈ ಚಳಿ ಬಂದರೆ ಸಾಕು, ಕೈ ಮಂಜುಗಡ್ಡೆ.” ಆಮೇಲೆ ಅಟಿಯೆನೊ ಕಡೆ ತಲೆಯೆತ್ತಿ, ಸಣ್ಣ ಮಕ್ಕಳ ಹಾಗೆ ಕೇಳಿಕೊಂಡರು: “ಇದನ್ನ ತೆಗೀಬೇಡಿ. ಇಲ್ಲೇ ಇರ್ಲಿ. ಅವಳು ಬರೋದೇ ಅಪರೂಪ.”

ಎಡಗಡೆಯ ಕುರ್ಚಿಯಿಂದ ಭಾನುಮತಿ ಅದನ್ನೆಲ್ಲ ನೋಡುತ್ತಿದ್ದಳು. ಗಂಡ ತಮ್ಮದೇ ಕೈಯನ್ನು ಹೆಂಡತಿಯದೆಂದು ಹಿಡಿದು ಉಜ್ಜಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಅವಳು ಎದ್ದಳು. ಅಟಿಯೆನೊ ತಲೆಯೆತ್ತಿ ನೋಡಿದಳು, ಬೇಡ ಎನ್ನಲು ಬಾಯಿ ತೆರೆದವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಭಾನುಮತಿ ಕುರ್ಚಿಯ ಹಿಂದಿನಿಂದ ಸುತ್ತಿ ಬಲಕ್ಕೆ ಬಂದು, ನೆಲದ ಮೇಲೆ ಕೂತು, ತನ್ನ ಕೈಯನ್ನು ಅವರ ತೊಡೆಯ ಮೇಲಿಟ್ಟಳು.

“ನನ್ನ ಕೈ ಇದು ರೀ.”

ಅವರು ಒಂದು ಕೈಯನ್ನೂ ಇನ್ನೊಂದು ಕೈಯನ್ನೂ ನೋಡಿದರು. ಲೆಕ್ಕ ತಾಳೆಯಾಗದವರಂತೆ ಹುಬ್ಬು ಗಂಟಿಕ್ಕಿದರು. ಆಮೇಲೆ ಅವಳ ಮುಖ ಕಂಡಿತು. ಉಳಿದದ್ದೆಲ್ಲ ಮರೆತುಹೋಯಿತು.

“ಎಲ್ಲಿ ಹೋಗಿದ್ದೆ ಇಷ್ಟು ದಿನ?”

“ಎಲ್ಲೂ ಇಲ್ಲ. ಇನ್ಮೇಲೆ ಇಲ್ಲೇ ಇರ್ತೀನಿ.”

ಅಂದಿನಿಂದ ಅವಳು ಎಡಕ್ಕೆ ಕೂರಲಿಲ್ಲ. ಮಂಚವನ್ನು ತಿರುಗಿಸಿ ಹಾಕಿಸಿದಳು, ಟಿವಿ ಬಲಕ್ಕೆ ಬಂತು, ಲೋಟ ಬಲಕ್ಕೆ ಬಂತು. ಹಂಸಾ ಫೋನಿನಲ್ಲಿ ಕೂಗಾಡಿದಳು. “ಯೂ ಆರ್ ಗಿವಿಂಗ್ ಅಪ್ ಆನ್ ಹಿಮ್!” ಎಂದಳು. “ಹೌದು ಕಣೆ,” ಎಂದಳು ಭಾನುಮತಿ, “ನನ್ನ ಕೈಲಾಗಲ್ಲ.” ಅದಕ್ಕಿಂತ ಹೆಚ್ಚಿನ ಸಮರ್ಥನೆ ಅವಳಲ್ಲಿರಲಿಲ್ಲ. ಅಟಿಯೆನೊ ಬರುವುದನ್ನು ಬಿಡಲಿಲ್ಲ, ಕೈಕಾಲಿನ ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಎಡಗಡೆಯ ಸುದ್ದಿ ಮಾತ್ರ ತೆಗೆಯುತ್ತಿರಲಿಲ್ಲ.

ಲಕ್ಷ್ಮೀಕಾಂತ ಆಮೇಲೆ ಬದುಕಿದಷ್ಟು ಕಾಲ ಹೆಂಡತಿಯ ಮುಖ ನೋಡಿಕೊಂಡು ಬದುಕಿದರು. ಮಾತಾಡಿದರು, ಜಗಳವಾಡಿದರು, ಅವಳಿಂದ ಪತ್ರಿಕೆ ಓದಿಸಿಕೊಂಡರು. ಅರ್ಧ ಲೋಕದಲ್ಲೇ ಇದ್ದರು, ಅದು ಅರ್ಧ ಎಂದು ಅವರಿಗೆ ಗೊತ್ತೇ ಆಗಲಿಲ್ಲ. ಮಾರ್ಚಿನ ಕೊನೆಯಲ್ಲಿ ದೊಡ್ಡ ಮಳೆ ಹಿಡಿದ ದಿನಗಳಲ್ಲಿ ಎಡಪಕ್ಕೆಲುಬಿನ ಬಳಿ ಒಂದು ಹುಣ್ಣಾಯಿತು. ಎಡಗೈ ಮೈಯಡಿ ಸಿಕ್ಕಿಕೊಂಡು ಉಜ್ಜಿದ್ದರಿಂದ ಆದದ್ದು. ಅವರಿಗೆ ನೋವು ತಿಳಿಯಲಿಲ್ಲ, ಬಲಕ್ಕೆ ಕೂತ ಭಾನುಮತಿಗೆ ತಕ್ಷಣ ಕಾಣಲಿಲ್ಲ. ಕಂಡ ಮೇಲೆ ಔಷಧಿ ಹಚ್ಚಿದಳು, ಅದು ವಾಸಿಯೂ ಆಯಿತು. ಅವರು ತೀರಿಕೊಂಡದ್ದು ಅದರಿಂದಲ್ಲ. ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ ಊಟವಾಗಿ ಮಲಗಿದ್ದಾಗ, ಎರಡನೆಯ ಸಲ ಮಿದುಳಿಗೆ ಹೊಡೆತ ಬಿತ್ತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಉಸಿರು ನಿಂತಿತು.

ಕ್ರಿಯೆಗಳೆಲ್ಲ ಮುಗಿದು, ಬಂದವರು ಹೋಗಿ, ಮನೆ ಮೌನವಾದ ಮೇಲೆ ಅಟಿಯೆನೊ ಒಂದು ಸಂಜೆ ಬಂದಳು. “ಪೋಲೆ ಸಾನಾ, ಮಾಮಾ” ಎಂದು ಸಂತಾಪ ಹೇಳಿ, ಭಾನುಮತಿಯ ಕೈ ಹಿಡಿದುಕೊಂಡು ಕೂತಳು. ಹಂಸಾ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಳು.

“ಒಂದು ಕೇಳ್ತೀನಿ, ನಿಜ ಹೇಳು,” ಎಂದಳು ಭಾನುಮತಿ. “ನಾನು ನೀನು ಹೇಳಿದ ಹಾಗೇ ಕೂತಿದ್ದಿದ್ದರೆ, ಅವರಿಗೆ ಆ ಕಡೆ ವಾಪಸ್ ಸಿಗ್ತಿತ್ತಾ?”

ಅಟಿಯೆನೊ ಸುಳ್ಳು ಹೇಳುವ ಹೆಂಗಸಲ್ಲ.

“ಗೊತ್ತಿಲ್ಲ ಮಾಮಾ. ಸ್ವಲ್ಪ ಸಿಗಬಹುದಿತ್ತು. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ.”

ಭಾನುಮತಿ ತಲೆಯಾಡಿಸಿದಳು. ಇಲ್ಲ ಎಂದೇ ಹೇಳಬಹುದು ಎಂಬ ಆಸೆ ಅವಳಿಗಿತ್ತು, ಹೌದು ಎಂದರೂ ತಡೆದುಕೊಳ್ಳುತ್ತಿದ್ದಳೇನೋ. ಈ ಗೊತ್ತಿಲ್ಲ ಎಂಬುದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವರು ಸತ್ತ ದಿನ ಅಳದಿದ್ದವಳು ಈಗ ಅಳತೊಡಗಿದಳು, ಜೋರಾಗಿ, ಅಕ್ಕಪಕ್ಕದ ಮನೆಯವರಿಗೆ ಕೇಳಿಸುವಷ್ಟು. ಹಂಸಾ ಓಡಿಬಂದಳು. ಏನಾಯಿತು ಎಂದು ಅಮ್ಮನನ್ನೂ ಅಟಿಯೆನೊಳನ್ನೂ ನೋಡಿ, ನೆಲದ ಮೇಲೆ ಕುಸಿದು ಕೂತು ಅಮ್ಮನ ಮಂಡಿಯನ್ನು ತಬ್ಬಿಕೊಂಡಳು. ಅಡುಗೆಮನೆಯಲ್ಲಿ ಚಹಾ ಉಕ್ಕಿ ಒಲೆ ಆರಿದ ವಾಸನೆ ಬಂತು. ಗ್ಯಾಸು ನಿಲ್ಲಿಸಲು ಅಟಿಯೆನೊ ಎದ್ದು ಹೋದಳು.